ಗ್ರಾಮಸೇವಕ ಮಾಸ್ತಪ್ಪನ ದ್ರಾಕ್ಷಿ ಬಳ್ಳಿ

ಹೆದರಿಕೆಯ ವಿಷಯದಲ್ಲಿ ಗ್ರಾಮಸೇವಕ ಮಾಸ್ತಪ್ಪನನ್ನು ಮೀರಿಸುವವರು ಹೊಸನಗರ ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಬ್ಲಾಕ್ ಆಫೀಸಿನ ಜವಾನ ಕೆಮ್ಮಿದರೆ ತನ್ನನ್ನೇ ಕರೆದರೇನೋ ಎಂದು ಎದ್ದು ನಿಲ್ಲುವ ಆಸಾಮಿ. ಸೈಕಲ್ಲಿನಲ್ಲಿ ಹೋಗುವಾಗ ಎದುರಿಗೆ ಜೀಪು ಕಂಡರೆ ಇಳಿದು, ಚರಂಡಿಯ ಅಂಚಿಗೆ ಸರಿದು, ಒಳಗೆ ಯಾರಿದ್ದಾರೆ ಎಂದು ನೋಡುವ ಮೊದಲೇ ಕೈ ಮುಗಿದುಬಿಡುತ್ತಿದ್ದ. ಒಂದು ಸಲ ಹೀಗೆ ಕೈ ಮುಗಿಸಿಕೊಂಡ ಜೀಪಿನಲ್ಲಿ ಡ್ರೈವರನ ಪಕ್ಕ ಕೂತಿದ್ದದ್ದು ಎರಡು ಗೊಬ್ಬರದ ಮೂಟೆ. ಡ್ರೈವರು ಈ ಕತೆಯನ್ನು ಸಾಗರದಿಂದ ತೀರ್ಥಹಳ್ಳಿಯವರೆಗೆ ಕಾಫಿ ಹೋಟೆಲುಗಳಲ್ಲೆಲ್ಲ ಹೇಳಿ ನಗಿಸಿದ. ನಕ್ಕವರಿಗೇನು ಗೊತ್ತು. ಹೆದರಿಕೆಯನ್ನು ಯಾರೂ ಹುಟ್ಟುವಾಗ ತಂದಿರುವುದಿಲ್ಲ, ಬದುಕು ಒಂದೊಂದೇ ತುತ್ತು ಉಣಿಸಿ ಕಲಿಸುತ್ತದೆ.

ಮಾಸ್ತಪ್ಪನ ಮನೆಯವರು ಗೇಣಿ ಒಕ್ಕಲು. ಶರಾವತಿ ಹೊಳೆಯ ದಂಡೆಯಲ್ಲಿ, ಸಿಗಂದೂರಿನಿಂದ ಒಂದು ಗುಡ್ಡ ಹತ್ತಿ ಇಳಿದರೆ ಸಿಗುತ್ತಿದ್ದ ಹಳ್ಳಿಯಲ್ಲಿ, ಬೇರೆಯವರ ಗದ್ದೆಯನ್ನು ತಮ್ಮದೆಂದೇ ತಿಳಿದು ತಲೆಮಾರುಗಟ್ಟಲೆ ಉತ್ತವರು. ಒಡೆಯರ ಅಂಗಳದಲ್ಲಿ ಅಪ್ಪ ಬೆನ್ನು ಬಗ್ಗಿಸಿ ನಿಂತದ್ದನ್ನು ನೋಡಿಕೊಂಡೇ ಮಾಸ್ತಪ್ಪ ಬೆಳೆದ. ಆ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು ಅವನೇ ಮೊದಲು. ಗ್ರಾಮಸೇವಕನ ಕೆಲಸ ಸಿಕ್ಕಾಗ ಮನೆಯವರಿಗೆಲ್ಲ ಹಬ್ಬ, ಅವನಿಗೆ ಮಾತ್ರ ಹೊಸ ಭಯ. ಕೆಲಸ ಟೆಂಪರರಿ, ಮೇಲಿನವರು ಬೇಡವೆಂದ ದಿನ ಮನೆಗೆ.

ಈ ನಡುವೆ ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದಿತು. ನೀರು ಹಿಂದಕ್ಕೆ ಒತ್ತರಿಸಿಕೊಂಡು ಬಂತು, ಗದ್ದೆ, ಮನೆ, ಕೊಟ್ಟಿಗೆ ಎಲ್ಲ ಮುಳುಗಿತು. ರಿಪ್ಪನ್‌ಪೇಟೆಯ ಆಚೆ, ಮಳೆ ಒಂದಿಷ್ಟು ಕಡಿಮೆ ಬೀಳುವ ಕಡೆ, ಒಂದು ಕುರುಚಲು ಗುಡ್ಡದ ಓರೆಯಲ್ಲಿ ಇವರಂಥ ಆರೇಳು ಮನೆಯವರಿಗೆ ಜಾಗ ತೋರಿಸಿದರು. ಹಕ್ಕುಪತ್ರ ಆಮೇಲೆ ಬರುತ್ತದೆ ಎಂದರು. ಆ ಆಮೇಲೆ ಎಂಬುದು ಇನ್ನೂ ಬಂದಿರಲಿಲ್ಲ. ಹೊಸ ಜಾಗಕ್ಕೆ ಬಂದ ವರ್ಷವೇ ಅಪ್ಪ ತೀರಿಕೊಂಡ. ಕಾಯಿಲೆ ಏನೂ ಇರಲಿಲ್ಲ. ಊಟ ಬಿಟ್ಟ, ಮಾತು ಬಿಟ್ಟ, ಒಂದು ದಿನ ಉಸಿರೂ ಬಿಟ್ಟ. ಅವ್ವ ದುಗ್ಗಮ್ಮ ಆ ಮಳೆಗಾಲ ಪೂರ್ತಿ ಯಾರೊಂದಿಗೂ ಮಾತಾಡಲಿಲ್ಲ. ಅವಳೂ ಅದೇ ದಾರಿ ಹಿಡಿದಳೆಂದು ಮಾಸ್ತಪ್ಪ ನಡುಗಿಹೋಗಿದ್ದ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಅವಳು ಎದ್ದು ಗುದ್ದಲಿ ಹಿಡಿದಳು, ಓರೆಯ ಕೆಳಗಿನ ಬಯಲಿನಲ್ಲಿ ಒಂದು ತುಂಡು ಗದ್ದೆ ಮಾಡಿದಳು. ಇಲ್ಲೇ ಸಾಯುತ್ತೇನೆ, ಇನ್ನು ಎಲ್ಲಿಗೂ ಹೊರಡುವವಳಲ್ಲ ಎಂದಳು. ಅವತ್ತಿನಿಂದ ಅವಳ ಜೀವ ಆ ಓರೆ ಜಾಗದಲ್ಲಿ ನೆಟ್ಟಿತು.

ದುಗ್ಗಮ್ಮನ ಲೆಕ್ಕದಲ್ಲಿ ಊರು ಮುಳುಗಿದ್ದು ಕಟ್ಟೆಯಿಂದಲ್ಲ. ಗದ್ದೆ ತೆನೆ ಹೊತ್ತು ನಿಲ್ಲುವ ಕಾಲಕ್ಕೆ ಭೂಮಿತಾಯಿ ಬಸುರಿ ಎಂದು ಆ ಕಡೆಯ ಒಕ್ಕಲುಗಳು ಭೂಮಿ ಹುಣ್ಣಿಮೆ ಮಾಡುತ್ತಾರೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಊಟ ಹೊತ್ತು ಗದ್ದೆಗೆ ಹೋಗಿ ಬೀರುತ್ತಾರೆ. ಅವತ್ತು ಯಾರೂ ಮಣ್ಣು ಅಗೆಯುವುದಿಲ್ಲ, ಗಿಡಕ್ಕೆ ಕತ್ತಿ ಹಾಕುವುದಿಲ್ಲ. ಹಳೆಯ ಊರಿನಲ್ಲಿ ಒಂದು ಹುಣ್ಣಿಮೆಯ ಬೆಳಗ್ಗೆ ಬುಟ್ಟಿ ಹೊತ್ತು ಹೋದ ದುಗ್ಗಮ್ಮನಿಗೆ ಕಂಡದ್ದು, ಅಳತೆಯವರು ಗದ್ದೆಯ ನಡುವೆ ಗುಂಡಿ ತೋಡಿ ಕಲ್ಲು ನೆಡುತ್ತಿದ್ದದ್ದು. ಮುಂದೆ ನೀರು ಆ ಕಲ್ಲನ್ನೇ ಹುಡುಕಿಕೊಂಡು ಬಂತು. ಬಸುರಿಯ ಹೊಟ್ಟೆಗೆ ಕಬ್ಬಿಣ ಇಳಿಸಿದರೆ ಇನ್ನೇನಾದೀತು ಎಂಬುದು ಅವಳ ನ್ಯಾಯ. ಉಳಿದವರಿಗೆ ಈ ಕಟ್ಟು ಒಂದು ದಿನದ್ದು. ದುಗ್ಗಮ್ಮ ಹೊಸ ಜಾಗದಲ್ಲಿ ಅದನ್ನು ಕೊಯ್ಲು ಮುಗಿಯುವವರೆಗೂ ಎಳೆದಳು. ಕುಡುಗೋಲು ಒಂದು ಬಿಟ್ಟರೆ ಬೇರೆ ಕಬ್ಬಿಣ ಅಲ್ಲಿಯವರೆಗೆ ಅವಳ ಬೇಲಿ ದಾಟಕೂಡದು. ಮುದುಕಿಗೆ ಮರುಳು ಎಂದು ಅಕ್ಕಪಕ್ಕದವರು ಆಡಿಕೊಂಡರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂಥ ಜಾಗಕ್ಕೆ ದ್ರಾಕ್ಷಿ ತಂದವನು ಮಾಸ್ತಪ್ಪನೇ. ತರಬೇತಿಗೆಂದು ಬೆಂಗಳೂರಿನ ಕಡೆ ಹೋದಾಗ ಚಪ್ಪರದ ತುಂಬ ತೂಗುವ ಕಪ್ಪು ಗೊಂಚಲು ಕಂಡು ಮರುಳಾದ. ಹೆದರುಪುಕ್ಕಲರಿಗೂ ಜೀವಮಾನದಲ್ಲಿ ಒಂದು ಹುಚ್ಚು ಇರುತ್ತದೆ, ಇವನದು ಇದು. ಒದ್ದೆ ಗೋಣಿಯಲ್ಲಿ ಕಡ್ಡಿ ಸುತ್ತಿ ತಂದು ಅವ್ವನ ಬಚ್ಚಲಿನ ಹಿಂದೆ ನೆಟ್ಟ. ರಜೆ ಸಿಕ್ಕಾಗಲೆಲ್ಲ ಹೊಸನಗರದಿಂದ ಬಂದು ಅಡಿಕೆ ದಬ್ಬೆಯ ಚಪ್ಪರ ಹಾಕಿದ, ಬಳ್ಳಿಯನ್ನು ಮೇಲೆ ಹತ್ತಿಸಿದ. ಬಳ್ಳಿಯನ್ನು ವರ್ಷಕ್ಕೊಮ್ಮೆ ಕೊಂಬೆಗೆ ಚಿಗುರೊಡೆಯುವ ಎರಡೇ ಕಣ್ಣು ಬಿಟ್ಟು ಹೇಗೆ ಸವರಬೇಕು, ಸವರಿದ ಮೇಲೆ ಹೊಸ ಚಿಗುರಿನಲ್ಲೇ ಗೊಂಚಲು ಹೇಗೆ ಬರುತ್ತದೆ, ಸವರದಿದ್ದರೆ ಬರೀ ಸೊಪ್ಪಾಗಿ ಹೇಗೆ ಮೆರೆಯುತ್ತದೆ, ಇದನ್ನೆಲ್ಲ ಅವ್ವನಿಗೆ ಬಾಯಿಪಾಠವಾಗುವಷ್ಟು ಸಲ ಹೇಳಿದ. ಮಗ ಅಂಜದೆ ಮಾತಾಡುವುದು ಈ ಒಂದು ವಿಷಯದಲ್ಲಿ ಮಾತ್ರ ಎಂದು ದುಗ್ಗಮ್ಮನೂ ಕೆಲಸ ಬಿಟ್ಟು ಕೂತು ಕೇಳುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಮೇಲಿನವರಿಗೂ ದ್ರಾಕ್ಷಿಯ ಹುಚ್ಚು ಹತ್ತಿತು. ನಾಲ್ಕನೇ ಯೋಜನೆಯ ಮಾತು ನಡೆಯುತ್ತಿದ್ದ ಕಾಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ದ್ರಾಕ್ಷಿ ಬೆಳೆದೀತೇ, ಬೆಳೆದರೆ ತಾಳಗುಪ್ಪದ ರೈಲಿನಲ್ಲಿ ಸಾಗಿಸಿದರೆ ಗಿಟ್ಟೀತೇ, ರಸದ ಕಾರ್ಖಾನೆ ಎಲ್ಲಿ ಹಾಕಬೇಕು, ಸರ್ಕಾರ ಬಂಡವಾಳ ಹೂಡುವುದಾದರೆ ಯಾವ ಮಣ್ಣಿಗೆ ಹೂಡಬೇಕು ಎಂದು ವರದಿ ಬರೆಯಲು ಸುಬ್ಬಯ್ಯ ಎಂಬ ಅಧಿಕಾರಿಯನ್ನು ಕಳಿಸಿದರು. ಮಲೆನಾಡಿನಲ್ಲಿ ದ್ರಾಕ್ಷಿ ಬೆಳೆಯುವುದು ಎಮ್ಮೆಗೆ ಅಂಗಿ ಹೊಲಿಸಿದ ಹಾಗೆ ಎಂದು ಹೋಟೆಲಿನಲ್ಲಿ ಕೂತವರು ನಕ್ಕರು. ಆದರೆ ಸರ್ಕಾರ ಒಂದು ಪ್ರಶ್ನೆ ಕೇಳಿದ ಮೇಲೆ ಯಾರಾದರೂ ತಿರುಗಾಡಿ ಉತ್ತರ ತರಲೇಬೇಕು. ಮೂರೂ ತಾಲ್ಲೂಕಿನಲ್ಲಿ ಆಸೆ ತೋರಿದವರಿಗೆ ಹಿಂದಿನ ವರ್ಷವೇ ಕಡ್ಡಿ ಹಂಚಿಯಾಗಿತ್ತು. ದ್ರಾಕ್ಷಿ ಬಲ್ಲ ಗ್ರಾಮಸೇವಕ ಎಂದು ಮಾಸ್ತಪ್ಪನನ್ನು ಸುಬ್ಬಯ್ಯನವರ ಜೀಪಿಗೆ ಹತ್ತಿಸಿದರು. ಅರವತ್ತಾರನೇ ಇಸವಿಯ ಮಳೆಗಾಲ ಮುಗಿಯುತ್ತ ಬಂದಿತ್ತು.

ಸುಬ್ಬಯ್ಯನವರು ಕೆಟ್ಟವರಲ್ಲ. ಮೆದು ಮಾತು, ಕೈಗೆ ಸಿಕ್ಕ ಮಣ್ಣನ್ನೆಲ್ಲ ಉಜ್ಜಿ ಮೂಸುವ ಚಾಳಿ. ವರದಮೂಲದ ಹತ್ತಿರ ನೋಡಿದರು, ಬಳ್ಳಿಗಳು ಬೂಷ್ಟು ಹಿಡಿದು ಕಪ್ಪಾಗಿದ್ದವು. ಆಗುಂಬೆಯಲ್ಲಿ ಕಡ್ಡಿ ನೆಟ್ಟದ್ದೆಲ್ಲಿ ಎಂದು ಕೇಳಿದ್ದಕ್ಕೆ ಮನೆಯಾತ ಒಂದು ನೀರಿನ ಹೊಂಡ ತೋರಿಸಿದ, ಅದರಲ್ಲಿ ಕಪ್ಪೆ ಕೂತಿತ್ತು. ತೀರ್ಥಹಳ್ಳಿಯ ಕಡೆ ಹೂವಯ್ಯ ಎಂಬ ಉತ್ಸಾಹಿ ದ್ರಾಕ್ಷಿಯನ್ನು ಕಾಳುಮೆಣಸಿನ ಬಳ್ಳಿಯ ಹಾಗೆ ಹಲಸಿನ ಮರಕ್ಕೆ ಹಬ್ಬಿಸಿದ್ದ. ಅದು ಬಿಸಿಲು ಹುಡುಕಿಕೊಂಡು ಮರದ ನೆತ್ತಿಗೆ ಹೋಗಿತ್ತು. ಇದರ ಫಸಲಿನ ಲೆಕ್ಕವನ್ನು ಮಂಗಗಳೇ ಕೊಡಬೇಕು ಎಂದು ಸುಬ್ಬಯ್ಯನವರು ನಕ್ಕರು. ಮಾಸ್ತಪ್ಪನೂ ನಕ್ಕ. ಸಾಹೇಬರು ನಕ್ಕಾಗ ನಗದಿದ್ದರೆ ಏನಾಗುತ್ತದೋ ಎಂಬ ಹೆದರಿಕೆ ಒಂದು ಕಡೆ, ಅವ್ವನ ಬಳ್ಳಿಯನ್ನು ತೋರಿಸುವ ಹುಮ್ಮಸ್ಸು ಇನ್ನೊಂದು ಕಡೆ.

ದುಗ್ಗಮ್ಮನ ಚಪ್ಪರದ ಕೆಳಗೆ ನಿಂತಾಗ ಸುಬ್ಬಯ್ಯನವರ ನಗು ನಿಂತಿತು. ಅಷ್ಟು ಮಳೆ ಕುಡಿದ ಮೇಲೂ ಆ ಬಳ್ಳಿ ಚಪ್ಪರದ ತುಂಬ ಹಸಿರು ಹಾಸಿತ್ತು. ಒಂದು ಎಲೆಯಲ್ಲೂ ಕಲೆಯಿಲ್ಲ. ಅವರು ಗುಡ್ಡದ ಇಳಿಜಾರು ನೋಡಿದರು, ನೀರು ನಿಲ್ಲದ ಮಣ್ಣು ಉಜ್ಜಿದರು, ಮೂಸಿದರು, ಮುಖ ಅರಳಿತು.

"ಮೂರು ತಾಲ್ಲೂಕಿನಲ್ಲಿ ಜಾಗ ಅಂತಿದ್ದರೆ ಇದೊಂದೇ ಮಾಸ್ತಪ್ಪ," ಎಂದರು. "ಅಕ್ಟೋಬರಿನಲ್ಲಿ ಸವರಿಬಿಡಿ. ಮುಂದಿನ ಮಳೆಯೊಳಗೆ ಹಣ್ಣಾದರೆ ಇಲ್ಲೇ ಐವತ್ತು ಎಕರೆ ಸರ್ಕಾರಿ ಫಾರಂ ಅಂತ ಬರೀತೀನಿ. ಹೇಗೂ ಇದು ಸರ್ಕಾರದ ಜಾಗವೇ. ಇರೋ ಆರೇಳು ಮನೆಗೆ ಬೇರೆ ಕಡೆ ತೋರಿಸಿದರಾಯಿತು."

ಒಳಗೆ ದುಗ್ಗಮ್ಮ ಸಾಹೇಬರಿಗೆ ಬೆಲ್ಲದ ಕಾಫಿ ಕಾಯಿಸುತ್ತಿದ್ದಳು. ಅವಳಿಗೆ ಇದು ಕೇಳಲಿಲ್ಲ. ಮಾಸ್ತಪ್ಪನಿಗೆ ಕೇಳಿತು. ಆಗಲಿ ಸಾರ್ ಎಂದ. ಅದನ್ನು ಬಿಟ್ಟು ಬೇರೆ ಮಾತು ಅವನ ಬಾಯಿಗೆ ಅಭ್ಯಾಸವೇ ಇರಲಿಲ್ಲ. ಸುಬ್ಬಯ್ಯನವರು ಕಾಫಿ ಕುಡಿದು, ನಿಮ್ಮ ಮಗ ಬಂಗಾರದಂಥವರು ಎಂದು ದುಗ್ಗಮ್ಮನಿಗೆ ಹೇಳಿ ಹೋದರು. ಅವಳು ಜೀಪು ಮರೆಯಾಗುವವರೆಗೂ ಬೇಲಿಯ ಹತ್ತಿರ ನಿಂತಿದ್ದಳು.

ಆಮೇಲಿನ ದಿನಗಳನ್ನು ಮಾಸ್ತಪ್ಪ ಹೇಗೆ ಕಳೆದನೋ ಅವನಿಗೇ ಗೊತ್ತು. ತಾನೇ ನೆಟ್ಟ ಬಳ್ಳಿ, ತಾನೇ ಹಾಕಿದ ಚಪ್ಪರ, ತಾನೇ ಕರೆತಂದ ಜೀಪು. ಅಳತೆಯವರು ಹೊರಗಿನಿಂದ ಬಂದು ಮೊದಲನೇ ಊರು ತೆಗೆದರು, ಎರಡನೆಯದನ್ನು ಮನೆಯ ಮಗನೇ ತೆಗೆಯುತ್ತಿದ್ದಾನೆ. ಅವ್ವನಿಗೆ ಹೇಳೋಣವೆಂದರೆ ಅಪ್ಪ ಊಟ ಬಿಟ್ಟು ಕೂತ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು. ಸುದ್ದಿ ಕೇಳಿದ ದಿನವೇ ಅವಳೂ ಹಾಗೆ ಕೂತುಬಿಟ್ಟರೆ? ಸುಬ್ಬಯ್ಯನವರಿಗೆ ಹೇಳೋಣವೆಂದರೆ, ಸರ್ಕಾರದ ಅನ್ನ ತಿಂದು ಮನೆಯ ಜಾಗಕ್ಕೆ ವಕಾಲತ್ತು ಮಾಡುತ್ತೀರಾ ಎಂದು ಕೇಳಿದರೆ ಏನು ಹೇಳುವುದು? ಹೆಂಡತಿ ಗುತ್ಯಮ್ಮನಿಗೂ ಬಾಯಿ ಬಿಡಲಿಲ್ಲ. ಅಡಕತ್ತರಿಯ ನಡುವಿನ ಅಡಿಕೆಯಾದ. ತಟ್ಟೆಯಲ್ಲಿ ಕಲಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಅಕ್ಟೋಬರು ಬಂತು. ಬಳ್ಳಿ ಸವರಿ ವರದಿ ಕಳಿಸಿ ಎಂದು ಬ್ಲಾಕ್ ಆಫೀಸಿಗೆ ಸೂಚನೆಯೂ ಬಂತು. ಮಾಸ್ತಪ್ಪ ಇಲಾಖೆಯ ಕತ್ತರಿಯನ್ನು ಕೈಚೀಲಕ್ಕೆ ಹಾಕಿಕೊಂಡು ಅವ್ವನಲ್ಲಿಗೆ ಹೋದ. ಸವರಿದರೆ ಹಣ್ಣು, ಹಣ್ಣಾದರೆ ಫಾರಂ. ಸವರದಿದ್ದರೆ ಆಜ್ಞೆ ಮೀರಿದ ಹಾಗೆ, ಕೆಲಸ ಹೋದ ಹಾಗೆ. ದಾರಿಯುದ್ದಕ್ಕೂ ಸೈಕಲ್ಲು ತುಳಿಯಲಾರದೆ ತಳ್ಳಿಕೊಂಡೇ ನಡೆದ. ಮರುದಿನವೇ ಭೂಮಿ ಹುಣ್ಣಿಮೆ ಎಂಬುದು ಆ ಗಾಬರಿಯಲ್ಲಿ ಅವನಿಗೆ ಮರೆತೇಹೋಗಿತ್ತು.

ದುಗ್ಗಮ್ಮ ಜಗುಲಿಯ ಮೇಲೆ ಬುಟ್ಟಿಗೆ ಚಿತ್ತಾರ ಬರೆಯುತ್ತ ಕೂತಿದ್ದಳು. ಚೀಲದಿಂದ ಕತ್ತರಿ ಹೊರಗೆ ಬಂದದ್ದನ್ನು ನೋಡಿದ್ದೇ ಬುಟ್ಟಿ ಕೆಳಗಿಟ್ಟಳು.

"ಅದನ್ನ ಒಳಗಿಡು ಮಾಸ್ತಾ," ಎಂದಳು. "ಬಸ್ರಿ ಮೈಗೆ ಕಬ್ಬಣ ಮುಟ್ಟುಸ್ತಾರೇನಾ? ಕೊಯ್ಲು ಆಗ್ಲಿ, ತಾಯಿ ಹೆತ್ತು ಎದ್ದ ಮ್ಯಾಲೆ ಏನ್ ಬೇಕಾದ್ರೂ ಮಾಡ್ಕ್ಯ."

ಮೇಲಿನವರ ಅಪ್ಪಣೆ ಎಂದು ಮಾಸ್ತಪ್ಪ ಸಣ್ಣ ದನಿಯಲ್ಲಿ ಹೇಳಿದ. ಮೇಲಿನವರ ಅಪ್ಪಣೆಯ ಮೇಲೇ ಹಳೇ ಗದ್ದೆಯಲ್ಲೂ ಗುಂಡಿ ತೋಡಿದ್ದರು ಎಂದು ಅವಳು ಮತ್ತೆ ಬುಟ್ಟಿ ಎತ್ತಿಕೊಂಡಳು. ಅವನು ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವನಿಗೆ ಅವ್ವನ ಕಾಲಿಗೆ ಬೀಳಬೇಕೆನ್ನಿಸಿತು. ಕತ್ತರಿ ಹಾಕದಿರುವುದಕ್ಕೆ ಅವನ ಧೈರ್ಯ ಸಾಲುತ್ತಿರಲಿಲ್ಲ, ಅವ್ವನ ಕಟ್ಟು ಆ ಕೆಲಸ ಮಾಡಿತು. ಈಗ ಬಳ್ಳಿ ಬರೀ ಸೊಪ್ಪಾಗುತ್ತದೆ, ಹಣ್ಣು ಬರುವುದಿಲ್ಲ, ಜಾಗ ಉಳಿಯುತ್ತದೆ. ಮರುದಿನ ಅವಳ ಹಿಂದೆ ಗದ್ದೆಗೆ ಹೋಗಿ ಭೂಮಿಗೆ ಊಟ ಬೀರುವಾಗ ಅವನಷ್ಟು ಭಕ್ತಿಯಿಂದ ಕೈ ಮುಗಿದವರು ಆ ಬಯಲಿನಲ್ಲಿ ಯಾರೂ ಇರಲಿಲ್ಲ.

ಹೊಸನಗರಕ್ಕೆ ಹಿಂದಿರುಗಿ, ಬಳ್ಳಿ ಸವರಿದೆ ಎಂದು ಸುಬ್ಬಯ್ಯನವರಿಗೆ ಬರೆದು ಕಳಿಸಿದ. ಹುಟ್ಟಿದ ಮೇಲೆ ಸರ್ಕಾರಕ್ಕೆ ಅವನು ಹೇಳಿದ ಮೊದಲನೇ ಸುಳ್ಳು. ಹೇಳಿದ ಮೇಲೆ ಗೊತ್ತಾಯಿತು, ಸುಳ್ಳನ್ನು ಹೇಳುವುದು ಸುಲಭ, ಮನೆಯಲ್ಲಿಟ್ಟುಕೊಂಡು ಸಾಕುವುದು ಕಷ್ಟ. ದ್ರಾಕ್ಷಿ ಬಲ್ಲವರು ಸವರದ ಬಳ್ಳಿಯನ್ನು ದೂರದಿಂದಲೇ ಗುರುತಿಸುತ್ತಾರೆ. ಸುಬ್ಬಯ್ಯನವರು ಯಾವ ದಿನ ಬಂದಿಳಿಯುತ್ತಾರೋ ಎಂದು ಜೀಪಿನ ಸದ್ದು ಕೇಳಿದಾಗಲೆಲ್ಲ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದ. ಆಫೀಸಿನಲ್ಲಿ ಇಬ್ಬರು ಮೆಲ್ಲಗೆ ಮಾತಾಡಿದರೆ ತನ್ನ ಬಗ್ಗೆಯೇ ಎಂದುಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ಒಬ್ಬ ಗುಮಾಸ್ತೆ ಬೇರೆ ಯಾರಿಗೋ ಹೇಳಿದ ದಿನ ಮಾಸ್ತಪ್ಪನಿಗೆ ಜ್ವರವೇ ಬಂತು.

ಮಗ ಒಣಗುತ್ತಿರುವುದು ದುಗ್ಗಮ್ಮನ ಕಣ್ಣಿಗೆ ಬೀಳದೆ ಇರುತ್ತದೆಯೇ. ಬಂದಾಗಲೆಲ್ಲ ಅವನು ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಏನಾಯಿತೋ ಎಂದು ಕೇಳಿದರೆ, ಏನಿಲ್ಲವ್ವ, ಸಾಹೇಬರು ಬಂದರೆ ಏನು ಹೇಳುವುದೋ ಎಂದು ಅರ್ಧ ಮಾತಾಡಿ ನಿಲ್ಲಿಸುತ್ತಿದ್ದ. ಅರ್ಧ ಮಾತು ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು. ಉಳಿದರ್ಧವನ್ನು ಅವಳೇ ತುಂಬಿಕೊಂಡಳು. ತಾನು ಕತ್ತರಿ ಹಾಕಲು ಬಿಡದೆ ಬಳ್ಳಿ ಬಂಜೆಯಾಯಿತು, ಹಣ್ಣು ತೋರಿಸದಿದ್ದರೆ ಮಗನ ಕೆಲಸ ಹೋಗುತ್ತದೆ, ಅದನ್ನು ಅವ್ವನ ಮುಂದೆ ಹೇಳಲಾರದೆ ಕೊರಗುತ್ತಿದ್ದಾನೆ ಎಂದು ತಿಳಿದಳು. ಕೊಯ್ಲು ಮುಗಿಯಿತು, ಒಕ್ಕಣೆಯಾಯಿತು, ಕಣ ಎದ್ದಿತು. ಮರುದಿನವೇ ಅವಳು ಏಣಿ ಹಾಕಿ, ಕುಡುಗೋಲು ಮಸೆದು, ಮಗ ಬಾಯಿಪಾಠ ಮಾಡಿಸಿದ ಹಾಗೆ ಕೊಂಬೆಗೆ ಎರಡೇ ಕಣ್ಣು ಬಿಟ್ಟು ಇಡೀ ಬಳ್ಳಿಯನ್ನು ಬೋಳಿಸಿದಳು. ಮಗನಿಗೆ ಹೇಳಲಿಲ್ಲ. ಅವನ ಮುಖ ಅರಳುವುದನ್ನು ಎದುರಿಗೇ ನೋಡುವ ಆಸೆ ಅವಳಿಗೆ.

ಸಂಕ್ರಾಂತಿ ಕಳೆದು ಮಾಸ್ತಪ್ಪ ಬಂದಾಗ ಚಪ್ಪರದ ಮೇಲೆ ತೆಳು ಹಸಿರು ಚಿಗುರು, ಚಿಗುರಿನ ಬುಡದಲ್ಲಿ ಸಾಸಿವೆ ಕಾಳು ಪೋಣಿಸಿದಂಥ ಸಣ್ಣ ಗೊಂಚಲುಗಳು. ದುಗ್ಗಮ್ಮ ಪಕ್ಕದಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿತು ಎಂದುಕೊಂಡಳು ಅವಳು. ನಿನ್ನ ಕೆಲಸಕ್ಕೆ ಇನ್ನು ಹೆದರಿಕೆ ಇಲ್ಲ ಬಿಡು ಎಂದು ಬೆನ್ನು ಸವರಿದಳು. ಹೇಳಬೇಕಾದದ್ದನ್ನು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮಾಸ್ತಪ್ಪ ಬಾಯಿ ತೆರೆದ, ಅವ್ವನ ಕಣ್ಣಿನ ಹೊಳಪು ನೋಡಿ ಮುಚ್ಚಿಕೊಂಡ. ಅಲ್ಲಿಗೆ ಸುಳ್ಳು ಎರಡಾಯಿತು, ಒಂದು ಸರ್ಕಾರಕ್ಕೆ, ಒಂದು ಹೆತ್ತವಳಿಗೆ.

ಗೊಂಚಲು ಚಿವುಟಿ ಹಾಕಿಬಿಡೋಣ ಎಂಬ ಯೋಚನೆ ಬಾರದೆ ಇರಲಿಲ್ಲ. ಆದರೆ ದುಗ್ಗಮ್ಮ ಮೀನಿನ ಬಲೆ ಹೊದಿಸಿ, ಬುಡದಲ್ಲೇ ಕಂಬಳಿ ಹಾಸಿ ಕಾವಲು ಕೂತಿದ್ದಳು. ಮಂಗ ಬಂದರೆ ಕಲ್ಲು, ಗಿಣಿ ಬಂದರೆ ಕೂಗು. ಮಗನೇ ಕಳ್ಳನಾಗಿ ಬಂದಾನು ಎಂಬ ಸಂಶಯ ಅವಳಿಗಿರಲಿಲ್ಲ. ಬಟಾಣಿಯಷ್ಟಿದ್ದ ಕಾಯಿ ದಿನೇ ದಿನೇ ಉಬ್ಬಿತು. ಅದು ಉಬ್ಬಿದಷ್ಟೂ ಮಾಸ್ತಪ್ಪ ಇಳಿದುಹೋದ. ಆರೇಳು ಮನೆಯ ಮಂದಿ ಮತ್ತೆ ಪಾತ್ರೆ, ಚಾಪೆ, ಕೋಳಿ ಬುಟ್ಟಿ ಹೊತ್ತು ಸಾಲಾಗಿ ಹೊರಟ ಹಾಗೆ, ಅವ್ವ ಬೇಲಿ ಹಿಡಿದು ಬರಲೊಲ್ಲೆ ಎಂದ ಹಾಗೆ, ಹಗಲು ಹೊತ್ತಿನಲ್ಲೇ ಕಣ್ಣ ಮುಂದೆ ಕಟ್ಟುತ್ತಿತ್ತು. ಸುಬ್ಬಯ್ಯನವರು ಬರುವುದು ಬೇರೆ ಕೆಲಸದಿಂದ ಹಿಂದೆ ಹಿಂದೆ ಹೋಗುತ್ತಿತ್ತು. ಬರದಿದ್ದರೂ ಭಯ, ಬಂದರೂ ಭಯ.

ಏಪ್ರಿಲ್ ನಡುವಿನಲ್ಲಿ ಮೊದಲ ಗುಡುಗು ಮಳೆ ಬಿತ್ತು. ಕಾಯಿ ಆಗತಾನೇ ಬಣ್ಣಕ್ಕೆ ತಿರುಗಿದ್ದವು. ಮೂರು ಸಂಜೆ ಬಿಡದೆ ಹೊಡೆದ ಮಳೆಗೆ ಸಿಪ್ಪೆ ಸೀಳಿ, ರಸ ಸೋರಿ, ಕಣಜದ ಹುಳ ಮುತ್ತಿ, ಚಪ್ಪರದ ಕೆಳಗೆ ಕೊಳೆತ ವಾಸನೆ ಹಬ್ಬಿತು. ದುಗ್ಗಮ್ಮ ಒಂದೊಂದು ಗೊಂಚಲನ್ನೂ ಅಂಗೈಯಲ್ಲಿ ಎತ್ತಿ ನೋಡಿ ಅತ್ತಳು. ಮಾಸ್ತಪ್ಪ ಅವಳಿಗೆ ಸಮಾಧಾನ ಹೇಳುತ್ತಿದ್ದ, ಒಳಗೊಳಗೇ ವರುಣನಿಗೆ ಹರಕೆ ಹೇಳಿಕೊಳ್ಳುತ್ತಿದ್ದ. ಎಷ್ಟೋ ತಿಂಗಳ ಮೇಲೆ ಅವತ್ತು ಅವನಿಗೆ ಹೊಟ್ಟೆ ತುಂಬ ಅನ್ನ ಸೇರಿತು. ಅವ್ವ ಅಳುತ್ತಿರುವಾಗ ತನಗೆ ಹಸಿವಾಯಿತಲ್ಲ ಎಂದು ಆಮೇಲೆ ಹೇಸಿಕೊಂಡ.

ತಿಂಗಳ ಕೊನೆಗೆ ಜೀಪು ಬಂದೇ ಬಂತು. ಸುಬ್ಬಯ್ಯನವರು ಕೊಳೆತ ಗೊಂಚಲು ಎತ್ತಿ ಮೂಸಿದರು, ಒಂದು ಕಾಯಿ ಹಿಚುಕಿ ನೋಡಿದರು. ಅಕ್ಟೋಬರಿನಲ್ಲಿ ಸವರಿದ ಬಳ್ಳಿಯಲ್ಲಿ ಹಣ್ಣು ಇಷ್ಟು ತಡವಾಗಿ ಬಣ್ಣ ತಿರುಗುವುದನ್ನು ಎಲ್ಲೂ ಕಂಡಿಲ್ಲವಲ್ಲ ಎಂದರು. ಮಾಸ್ತಪ್ಪ ದಾರಿಯಲ್ಲಿ ಜಪಿಸಿಕೊಂಡು ಬಂದ ಉತ್ತರ ಒಪ್ಪಿಸಿದ. ಇಲ್ಲಿನ ಮಂಜು, ಇಲ್ಲಿನ ಚಳಿ, ಇಲ್ಲಿ ಎಲ್ಲವೂ ತಡ. ದನಿ ನಡುಗಿತು, ಆದರೆ ಅವನ ದನಿ ಯಾವಾಗಲೂ ನಡುಗುವುದೇ ಆದ್ದರಿಂದ ಯಾರಿಗೂ ವಿಶೇಷ ಎನ್ನಿಸಲಿಲ್ಲ. ಹಾಗಾದರೆ ಮಲೆನಾಡಿನಲ್ಲಿ ಹಣ್ಣಾಗುವುದರೊಳಗೆ ಮಳೆ ಹಿಡಿಯುತ್ತದೆ, ಇಲ್ಲಿ ಬಂಡವಾಳ ಹಾಕುವುದು ನೀರಿಗೆ ಹಾಕಿದ ಹಾಗೆ ಎಂದು ಸುಬ್ಬಯ್ಯನವರು ತೀರ್ಮಾನ ಹೇಳಿದರು. ಮಾಸ್ತಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. ಅವರು ಜೀಪಿನ ಕಡೆ ತಿರುಗಿದವರು ಮತ್ತೆ ನಿಂತು, ಆರೈಕೆಯಲ್ಲಿ ಏನಾದರೂ ಲೋಪವಾಯಿತೇ ಎಂದು ಮೇಲಿನವರು ನಿಮ್ಮನ್ನು ಕೇಳಬಹುದು, ಉತ್ತರ ಸಿದ್ಧವಿಟ್ಟುಕೊಳ್ಳಿ ಎಂದರು.

ಬಾಗಿಲಲ್ಲಿ ನಿಂತಿದ್ದ ದುಗ್ಗಮ್ಮನಿಗೆ ಆ ಕೊನೆಯ ಮಾತು ಕೇಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು. ಒಡೆಯರ ಮುಂದೆಯೂ ಬಾಯಿ ತೆರೆಯದ ಹೆಂಗಸು ಸಾಹೇಬರ ದಾರಿಗೆ ಅಡ್ಡ ನಿಂತಳು.

"ಸ್ವಾಮಿ, ತಪ್ಪು ಅವಂದಲ್ಲ, ನಂದು," ಎಂದಳು. "ಹುಣ್ಣಿಮೆಲಿ ಕತ್ತರಿ ಹಾಕಾಕೆ ನಾನೇ ಬಿಡ್ಲಿಲ್ಲ. ಕೊಯ್ಲು ಆದ ಮ್ಯಾಲೆ ನಾನೇ ನನ್ನ ಕೈಯಾರೆ ಸವರಿದ್ದು. ಹೊತ್ತಿಗೆ ಸರಿಯಾಗಿ ಸವರಿದ್ರೆ ಶಿವರಾತ್ರಿಗೇ ಹಣ್ಣಾಗ್ತಿತ್ತು, ಈ ಮಳೆಗೆ ಸಿಗ್ತಿರ್ಲಿಲ್ಲ. ಅವನ ಕೆಲ್ಸ ತೆಗೀಬ್ಯಾಡಿ."

ಸುಬ್ಬಯ್ಯನವರು ಬೆರಳು ಮಡಿಸಿ ತಿಂಗಳು ಎಣಿಸಿದರು. ಅವರ ಕಣ್ಣಿನಲ್ಲಿ ಮೊದಲ ದಿನದ ಬೆಳಕು ಮತ್ತೆ ಬಂತು. ಹಾಗಿದ್ದರೆ ಮಳೆಗಿಂತ ಎಷ್ಟೋ ಮೊದಲೇ ಹಣ್ಣು, ಹಾಗಿದ್ದರೆ ಈ ಜಾಗ ಚಿನ್ನ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮಾಸ್ತಪ್ಪನ ಕಡೆ ತಿರುಗಿದರು.

"ಮಾಸ್ತಪ್ಪ, ಇದರಲ್ಲಿ ಯಾವುದು ನಿಜ? ನೀವು ಬರೆದು ಕಳಿಸಿದ್ದೋ, ಇವರು ಹೇಳ್ತಿರೋದೋ?"

ಅವ್ವ ಅವನನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ಹೇಳಿಬಿಡು, ತಪ್ಪನ್ನು ನನ್ನ ಮೇಲೆ ಹಾಕು ಎಂಬ ಹಾಗೆ. ಅವಳ ಮಾತನ್ನು ನಿಜ ಎಂದರೆ ಅವಳ ಕಾಲ ಕೆಳಗಿನ ಮಣ್ಣು ಹೋಗುತ್ತದೆ. ಜಾಗ ಉಳಿಯಬೇಕಾದರೆ ಪರರ ಎದುರಿಗೆ, ಅವಳ ಮುಖ ನೋಡಿಕೊಂಡೇ, ಹೆತ್ತವಳನ್ನು ಸುಳ್ಳಿ ಎನ್ನಬೇಕು. ಎಲ್ಲದಕ್ಕೂ ಹೆದರುತ್ತಿದ್ದ ಮಾಸ್ತಪ್ಪ ಅಷ್ಟು ಹೆದರಿದ್ದು ಅದೇ ಮೊದಲು.

"ಅವ್ವಂಗೆ ವಯಸ್ಸಾತು ಸಾರ್," ಎಂದ. "ಅಪ್ಪ ಹೋದ ಮೇಲೆ ತಲೆ ಸರಿ ನಿಲ್ತಿಲ್ಲ. ಹುಣ್ಣಿಮೆ ಹಿಂದಿನ ದಿನ ನಾನೇ ಸವರಿದ್ದು."

ದುಗ್ಗಮ್ಮ ಮಗನನ್ನು ನೋಡಿದಳು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ತಲೆಗೆ ಹೊದ್ದುಕೊಂಡಳು, ಒಳಗೆ ಹೋದಳು. ಸುಬ್ಬಯ್ಯನವರು ಚಪ್ಪರಕ್ಕೆ ಕೈ ಎತ್ತಿ ಕೊಂಬೆಯ ಕಡಿದ ತುದಿಯ ಮೇಲೆ ಹೆಬ್ಬೆರಳಾಡಿಸಿದರು. ಇಲಾಖೆಯ ಕತ್ತರಿ ಕಡಿದ ಗುರುತು ಬೇರೆ, ಕುಡುಗೋಲು ಕಡಿದ ಗುರುತು ಬೇರೆ. ಅವರಿಗೆ ಗೊತ್ತಾಯಿತೋ ಇಲ್ಲವೋ ದೇವರೇ ಬಲ್ಲ. ಮನೆಯ ಕಡೆ ಒಮ್ಮೆ, ಮಾಸ್ತಪ್ಪನ ಕಡೆ ಒಮ್ಮೆ ನೋಡಿ, ಸರಿ, ನೀವು ಬರೆದದ್ದನ್ನೇ ಇಟ್ಟುಕೊಳ್ಳುತ್ತೇನೆ ಎಂದು ಜೀಪು ಹತ್ತಿದರು. ಆ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ಮೂರು ತಾಲ್ಲೂಕಿಗೆ ದ್ರಾಕ್ಷಿ ಹೊಂದುವುದಿಲ್ಲ ಎಂದು ವರದಿಯಾಯಿತು, ದ್ರಾಕ್ಷಿಗೆಂದು ತೆಗೆದಿಟ್ಟ ದುಡ್ಡು ಬಯಲುಸೀಮೆಗೆ ಹೋಯಿತು, ಗುಡ್ಡದ ಓರೆಯ ಆರೇಳು ಮನೆಗಳನ್ನು ಯಾರೂ ಕೇಳಲಿಲ್ಲ. ಅದು ಆಮೇಲಿನ ಮಾತು.

ಅವತ್ತು ಜೀಪಿನ ಧೂಳು ಅಡಗಿದ ಮೇಲೂ ಮಾಸ್ತಪ್ಪ ಅಂಗಳದಲ್ಲೇ ನಿಂತಿದ್ದ. ಒಳಗೆ ಹೋಗಲು ಹೆದರಿಕೆ. ಕೊನೆಗೆ ಹೋದ. ದುಗ್ಗಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು, ಒಲೆಯಲ್ಲಿ ಬೆಂಕಿ ಇರಲಿಲ್ಲ. ಅವನು ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ. ಐವತ್ತು ಎಕರೆಯ ಫಾರಂ, ಬೇರೆ ಕಡೆ ತೋರಿಸುವ ಜಾಗ, ಮೊದಲ ದಿನ ಅವಳು ಕಾಫಿ ಕಾಯಿಸುತ್ತಿದ್ದಾಗ ಸಾಹೇಬರು ಆಡಿದ ಮಾತು, ಅವತ್ತಿನಿಂದ ತಾನು ಹೆದರಿದ್ದು, ಅಪ್ಪನ ಹಾಗೆ ಅವಳೂ ಊಟ ಬಿಟ್ಟು ಕೂತಾಳೆಂದು ಬಾಯಿ ಬಿಡದಿದ್ದದ್ದು. ಒಂದನ್ನೂ ಬಿಡಲಿಲ್ಲ. ಅವಳು ತಿರುಗದೆ ಕೇಳಿದಳು. ಮುಗಿದ ಮೇಲೂ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಆ ಮಳೆಗಾಲದ ಮೌನವೇ ಬಂತೆಂದು ಮಾಸ್ತಪ್ಪ ಹೆದರಿದ.

ಆಮೇಲೆ ಅವಳು ತಿರುಗಿದಳು. ಕಣ್ಣು ಕೆಂಪಗಿತ್ತು, ದನಿಯಲ್ಲಿ ಸಿಟ್ಟಿರಲಿಲ್ಲ.

"ಮೊದ್ಲೇ ನಂಗೊಂದು ಮಾತು ಅಂದಿದ್ರೆ, ಆ ಸುಳ್ಳ ನಾನೇ ಹೇಳ್ತಿದ್ನಲ್ಲೋ ಮಗಾ," ಎಂದಳು.

ಮಾಸ್ತಪ್ಪ ಮೊಣಕಾಲಿಗೆ ಮುಖ ಒತ್ತಿಕೊಂಡು, ಅಪ್ಪ ಸತ್ತಾಗಲೂ ಅಳದವನು, ಅವಳ ಎದುರಿಗೇ ಗಟ್ಟಿಯಾಗಿ ಅತ್ತ.